ಕರಾರಿಗೂ ಕ್ರಯಕ್ಕೂ ನಡುವಿನ ಮಳೆ

ದಕ್ಷಿಣ ಬೆಂಗಳೂರಿನಲ್ಲಿ ಮನೆ ಮಾರಾಟ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಅಡ್ವಾನ್ಸ್ ಕೊಟ್ಟು ಕ್ರಯದ ಕರಾರು. ಆಮೇಲೆ ಬ್ಯಾಂಕಿನ ಸಾಲ, ಇ-ಖಾತಾ, ಇ.ಸಿ., ವಕೀಲರ ಅಭಿಪ್ರಾಯ ಎಲ್ಲ ಮುಗಿದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಶುದ್ಧ ಕ್ರಯಪತ್ರ. ನಡುವೆ ಎರಡು ಮೂರು ತಿಂಗಳು ಸಲೀಸಾಗಿ ಹೋಗುತ್ತದೆ. ಅದರ ಮೇಲೆ ಪಂಚಾಂಗ ಬೇರೆ. ಆಷಾಢದಲ್ಲಿ ರಿಜಿಸ್ಟ್ರೇಷನ್ ಬೇಡ, ಶ್ರಾವಣ ಬರಲಿ ಅನ್ನುತ್ತಾರೆ. ಶ್ರಾವಣದಲ್ಲಿ ಬ್ಯಾಂಕಿನವರು ತಡಮಾಡಿದರೆ ಗಣೇಶನ ಹಬ್ಬ ಬರುತ್ತದೆ, ಅದರ ಬೆನ್ನಿಗೇ ಪಿತೃಪಕ್ಷ. ಮಹಾಲಯ ಅಮಾವಾಸ್ಯೆ ಕಳೆಯದೆ ಹೆಬ್ಬೆಟ್ಟು ಒತ್ತಲು ಬಹಳ ಜನ ಒಪ್ಪುವುದಿಲ್ಲ. ಬೆಂಗಳೂರಿಗೆ ವರ್ಷದಲ್ಲೇ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಒಳ್ಳೆಯ ದಿನಕ್ಕೆಂದು ನಾವು ಕಾಯುವ ವಾರಗಳೇ ಮನೆಯ ಪಾಲಿಗೆ ಕೆಟ್ಟ ವಾರಗಳು.

ಹೀಗೊಂದು ಮನೆ ಎಂದಿಟ್ಟುಕೊಳ್ಳಿ. ಜಯನಗರದ ‘ಟಿ’ ಬ್ಲಾಕಿನಲ್ಲಿ ಮೂವತ್ತು-ನಲವತ್ತರ ಸೈಟು, ಎಪ್ಪತ್ತರ ದಶಕದ ಕಟ್ಟಡ, ಕೆಳಗೆ ರೆಡ್ ಆಕ್ಸೈಡ್ ನೆಲ, ಮೇಲೆ ಎಷ್ಟೋ ವರ್ಷ ಬಿಟ್ಟು ಏರಿಸಿದ ಒಂದು ಮಹಡಿ. ಜೂನಿನಲ್ಲಿ ಕರಾರಾಗಿದೆ. ರಿಜಿಸ್ಟ್ರೇಷನ್ನಿಗೆ ಇನ್ನು ನಾಲ್ಕೇ ದಿನ. ಕೊಳ್ಳುವವರು ಪರದೆಯ ಅಳತೆ ತೆಗೆದುಕೊಳ್ಳಲು ಹೋದರೆ ಮಹಡಿಯ ಕೋಣೆಯ ಮೂಲೆಯಲ್ಲಿ ಮೊರದಗಲ ಒದ್ದೆ. ಅದರ ಕೆಳಗೆ, ಕಿಟಕಿಯ ಮೂಲೆಯಿಂದ ನೆಲದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು. ಹೊರಗೆ ನೋಡಿದರೆ ಪಕ್ಕದ ಹಳೆಯ ಮನೆ ಮಾಯ. ಬೇಸ್‌ಮೆಂಟಿಗೆಂದು ಜೆಸಿಬಿ ಅಗೆಯುತ್ತಿದೆ.

ಇಂಥ ಹೊತ್ತಿನಲ್ಲಿ ಎರಡೂ ಮನೆಯವರು ಬೀರುವಿನಿಂದ ಕರಾರು ತೆಗೆದು ಮೊದಲ ಸಲ ನಿಜಕ್ಕೂ ಓದುತ್ತಾರೆ. ಅಂಥ ಕರಾರಿನ ಸಾಲುಗಳನ್ನು ಇಲ್ಲಿ ಒಂದೊಂದಾಗಿ ಬಿಡಿಸಿದ್ದೇನೆ. ಯಾರೊಬ್ಬರ ಪತ್ರದ ನಕಲೂ ಇದಲ್ಲ. ಜಯನಗರ, ಬನಶಂಕರಿ, ಜೆ.ಪಿ. ನಗರದ ನೋಂದಣಿ ಕಚೇರಿಗಳ ಆಸುಪಾಸಿನಲ್ಲಿ ಟೈಪಾಗುವ ಕರಾರುಗಳ ವರಸೆಯಲ್ಲಿ ನಾನೇ ಬರೆದುಕೊಂಡ ಸಾಲುಗಳು.

“ಷೆಡ್ಯೂಲು ಸ್ವತ್ತನ್ನು ನಿಧಿ, ನಿಕ್ಷೇಪ, ಜಲ, ತರು, ಪಾಷಾಣಾದಿ ಸಕಲ ಹಕ್ಕುಗಳ ಸಮೇತ ನಿಮಗೆ ಕ್ರಯಕ್ಕೆ ಕೊಡಲು ಒಪ್ಪಿರುತ್ತೇವೆ.”

ನಿಧಿ ನಿಕ್ಷೇಪದ ಈ ಪಟ್ಟಿ ತಾಮ್ರಶಾಸನಗಳ ಕಾಲದ್ದು. ನೆಲದೊಳಗಿನ ಹೊನ್ನೂ ನೀರೂ ಕಲ್ಲೂ ಅದರಲ್ಲಿವೆ, ತಾರಸಿಯಿಂದ ಇಳಿಯುವ ನೀರು ಇಲ್ಲ. ಸಾಲಿನ ಜೀವ ಇರುವುದು ಕೊನೆಯಲ್ಲಿ: ‘ಕೊಡಲು ಒಪ್ಪಿರುತ್ತೇವೆ’. ಕೊಟ್ಟಿದ್ದೇವೆ ಎಂದಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮು ಇದನ್ನು ಖಚಿತವಾಗಿ ಹೇಳುತ್ತದೆ. ಮಾರಾಟದ ಕರಾರು ಮಾತ್ರದಿಂದ ಸ್ವತ್ತಿನಲ್ಲಿ ಕೊಳ್ಳುವವರಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿಹೇಳಿ, ಕರಾರು ಮತ್ತು ಜಿ.ಪಿ.ಎ. ಮೇಲೆ ಮನೆ ಕೈಬದಲಾಯಿಸುವ ಪದ್ಧತಿಗೆ ತಡೆ ಹಾಕಿತು.

ಹಕ್ಕು ಬಾರದವರಿಗೆ ನಷ್ಟವೂ ಬರಬಾರದಲ್ಲವೆ? ಅದೇ ಕಾಯ್ದೆಯ 55ನೇ ಕಲಮಿನ ಐದನೇ ಉಪಕಲಮು, ‘ಸಿ’ ಖಂಡ ಹಾಗೇ ಹೇಳುತ್ತದೆ: ಒಡೆತನ ಕೊಳ್ಳುವವರಿಗೆ ದಾಟಿದ ಮೇಲೆ ಸ್ವತ್ತು ಹಾಳಾದರೆ, ಅದಕ್ಕೆ ಮಾರಿದವರು ಕಾರಣರಲ್ಲದಿದ್ದರೆ, ನಷ್ಟ ಕೊಂಡವರದು. ದಾಟುವ ಮೊದಲು ಆದದ್ದು ಮಾರುವವರದು ಎಂಬುದು ಇದರಲ್ಲೇ ಅಡಗಿದೆ. ಇಂಗ್ಲೆಂಡಿನ ಹಳೆಯ ನಿಯಮ ತಿರುಗುಮುರುಗು. ಅಲ್ಲಿ ಕರಾರು ವಿನಿಮಯವಾದ ಕ್ಷಣವೇ ಅಪಾಯ ಕೊಳ್ಳುವವರ ತಲೆಗೆ. ನಮ್ಮಲ್ಲೂ ಆ ನಿಯಮ ಸ್ವಲ್ಪ ಕಾಲ ನುಸುಳಿತ್ತು. 1877ರ ಹಳೆಯ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಒಂದು ಉದಾಹರಣೆ ಇತ್ತು. ಲಕ್ಷ ರೂಪಾಯಿಗೆ ಮನೆ ಮಾರಲು ಕರಾರಾದ ಮರುದಿನವೇ ಚಂಡಮಾರುತಕ್ಕೆ ಮನೆ ಬಿದ್ದುಹೋದರೂ ಕೊಳ್ಳುವವನು ಪೂರ್ತಿ ಹಣ ಕೊಡಬೇಕು ಎಂದು ಅದರ ತಾತ್ಪರ್ಯ. ಐದು ವರ್ಷದ ನಂತರ ಬಂದ 1882ರ ಕಾಯ್ದೆಗೂ ಇದಕ್ಕೂ ಹೊಂದಿಕೆಯೇ ಇಲ್ಲ. 1963ರಲ್ಲಿ ಹೊಸ ಕಾಯ್ದೆ ಬಂದಾಗ ಆ ಚಂಡಮಾರುತವನ್ನು ಕೈಬಿಟ್ಟರು. ಬದಲಿಗೆ 12ನೇ ಕಲಮಿನ ವಿವರಣೆಯಲ್ಲಿ, ಕರಾರಿನ ದಿನ ಇದ್ದದ್ದರಲ್ಲಿ ಒಂದು ಭಾಗ ಕೊಡುವ ಹೊತ್ತಿಗೆ ಇಲ್ಲವಾಗಿದ್ದರೆ ಆ ಪಕ್ಷದವರು ಕರಾರನ್ನು ಪೂರ್ತಿಯಾಗಿ ನೆರವೇರಿಸಲಾಗದವರು ಎಂದೇ ಲೆಕ್ಕ ಎಂಬ ಮಾತು ಸೇರಿತು.

ಹಾಗಾಗಿ ಜಯನಗರದ ಆ ಬಿರುಕು ಇವತ್ತಿಗೆ ಮಾರುವವರ ಮನೆಯ ಬಿರುಕು. ನಾಲ್ಕು ದಿನ ಕಳೆದು ಹೆಬ್ಬೆಟ್ಟು ಬಿದ್ದರೆ ಕೊಂಡವರದು. ಮುಂದಿನ ವ್ಯಾಖ್ಯಾನವೆಲ್ಲ ನಿಂತಿರುವುದು ಇದರ ಮೇಲೆ.

ಒಂದು ಉಪಕಥೆ. ಒಳ್ಳೆಯ ದಿನ ನೋಡಿ ಕ್ರಯಪತ್ರಕ್ಕೆ ಸಹಿ ಹಾಕಿ, ಸ್ಲಾಟ್ ಸಿಕ್ಕಿದ ದಿನ ನೋಂದಾಯಿಸುವವರಿದ್ದಾರೆ. ಸಹಿಯಾದ ಮೇಲೆ ಪತ್ರ ಹಾಜರುಪಡಿಸಲು ನಾಲ್ಕು ತಿಂಗಳ ಅವಕಾಶವೂ ಇದೆ. ಆದರೆ ನೋಂದಣಿ ಕಾಯ್ದೆಯ 47ನೇ ಕಲಮಿನ ಪ್ರಕಾರ, ನೋಂದಣಿಯಾದ ಪತ್ರ ಜಾರಿಗೆ ಬರುವುದು ಸಹಿಯ ದಿನದಿಂದ. ಸುಪ್ರೀಂ ಕೋರ್ಟು 1961ರಲ್ಲಿ ಹೇಳಿದ ಪ್ರಕಾರ, ಮಾರಾಟ ಮುಗಿಯುವುದು ನೋಂದಣಿ ಪೂರ್ತಿಯಾದಾಗ. ಈ ಎರಡರ ನಡುವೆ ಸಜ್ಜ ಕುಸಿದರೆ ನಷ್ಟ ಯಾರದು ಎಂದು ವಾದಿಸಲು ವಕೀಲರಿಗೆ ಹಬ್ಬ. ಸಹಿ, ನೋಂದಣಿ ಒಂದೇ ದಿನ ಇಟ್ಟುಕೊಳ್ಳಿ.

“ಮುಂಗಡ ಹೋಗಿ ಬಾಕಿ ಹಣವನ್ನು ಶುದ್ಧ ಕ್ರಯಪತ್ರ ನೋಂದಾಯಿಸುವ ಕಾಲದಲ್ಲಿ ಕೊಡತಕ್ಕದ್ದು.”

ಕೊಳ್ಳುವವರ ಬಲವೆಲ್ಲ ಈ ‘ಬಾಕಿ’ಯಲ್ಲಿದೆ. ಮುಂಗಡ ಎಷ್ಟು ಕಡಿಮೆಯೋ ಕೊನೆಯ ವಾರದ ಮಾತುಕತೆ ಅಷ್ಟು ಸುಲಭ. ಕೊಟ್ಟ ಮುಂಗಡಕ್ಕೂ ರಕ್ಷಣೆ ಇಲ್ಲದಿಲ್ಲ. ಮಾರುವವರೇ ಮಾತು ತಪ್ಪಿದರೆ ಆ ಹಣಕ್ಕೆ ಅದೇ ಮನೆಯ ಮೇಲೆ ಋಣಭಾರ ಹುಟ್ಟುತ್ತದೆ ಎಂದು 55ನೇ ಕಲಮಿನ ಆರನೇ ಉಪಕಲಮು ಹೇಳುತ್ತದೆ. ಬಾಕಿಯಲ್ಲಿ ಶೇ. 1 ಟಿ.ಡಿ.ಎಸ್. ಮುರಿದುಕೊಳ್ಳುವುದು 50 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ವ್ಯವಹಾರಕ್ಕೆ ಕಡ್ಡಾಯ. ಅದನ್ನು ಹಾನಿಯ ಲೆಕ್ಕಕ್ಕೆ ಬೆರೆಸಬೇಡಿ.

“ಸದರಿ ಸ್ವತ್ತಿನ ಮೇಲೆ ಯಾವುದೇ ಸಾಲ, ಆಧಾರ, ಭೋಗ್ಯ, ಜಪ್ತಿ, ಮೈನರ್ ಹಕ್ಕು, ದಾಯಾದಿ ತಂಟೆ ತಕರಾರುಗಳು ಇರುವುದಿಲ್ಲ.”

ಇದು ಕಾಗದದ ಆರೋಗ್ಯ, ಗೋಡೆಯದಲ್ಲ. ಮೂವತ್ತು ವರ್ಷದ ಇ.ಸಿ. ತೆಗೆಸಿದರೂ ಅದರಲ್ಲಿ ಒಂದು ಸೋರಿಕೆಯೂ ಕಾಣುವುದಿಲ್ಲ. ಬ್ಯಾಂಕಿನ ಪ್ಯಾನೆಲ್ ವಕೀಲರು ನೋಡುವುದು ಹಕ್ಕು. ಬ್ಯಾಂಕಿನ ಎಂಜಿನಿಯರ್ ಒಮ್ಮೆ ಬಂದು ಬೆಲೆ ಕಟ್ಟಿ ಹೋದರೆ ಮುಗಿಯಿತು, ಆಮೇಲೆ ಬಿದ್ದ ಮಳೆ ಅವರ ವರದಿಯಲ್ಲಿರುವುದಿಲ್ಲ. ಸಬ್ ರಿಜಿಸ್ಟ್ರಾರ್ ನೋಡುವುದು ಬಂದವರ ಗುರುತು, ಮುದ್ರಾಂಕ, ದಾಖಲೆ. ಮನೆ ನಿಂತಿದೆಯೇ ಬಿದ್ದಿದೆಯೇ ಎಂದು ಅವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

“ನೀವು ಸ್ವತ್ತನ್ನು ಖುದ್ದು ನೋಡಿ, ಪರಿಶೀಲಿಸಿ, ತೃಪ್ತರಾಗಿ, ಈಗಿರುವ ಸ್ಥಿತಿಯಲ್ಲಿಯೇ ಕೊಳ್ಳಲು ಒಪ್ಪಿರುತ್ತೀರಿ.”

ಜಗಳವೆಲ್ಲ ಈ ಸಾಲಿನಲ್ಲಿ. ಬಿರುಕು ಕಂಡ ಸಂಜೆ ಮಾತು ಹೇಗೆ ಹೋಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

“ಸಾರ್, ನಾವು ಜೂನಲ್ಲಿ ನೋಡಿದಾಗ ಇದು ಇರ್ಲಿಲ್ಲ.”

“ಇತ್ತೋ ಏನೋಪ್ಪ, ನಾವೂ ಗಮನಿಸಿಲ್ಲ. ಐವತ್ತು ವರ್ಷದ ಮನೆ, ಮಳೆಗಾಲ. ನೋಡ್ಕೊಂಡೇ ಒಪ್ಕೊಂಡಿದೀರಲ್ಲ, ಕರಾರಲ್ಲೇ ಇದೆ.”

ಬ್ರೋಕರ್ ನಡುವೆ ಬಾಯಿ ಹಾಕುತ್ತಾರೆ: “ಒಂದು ಕೋಟ್ ಪೇಂಟ್ ಹೊಡೆದ್ರೆ ಹೋಗುತ್ತೆ ಸಾರ್. ಸ್ಲಾಟ್ ಬುಕ್ ಆಗಿದೆ, ಡಿ.ಡಿ. ರೆಡಿ ಇದೆ, ಇದಕ್ಕೆಲ್ಲ ನಿಲ್ಲಿಸ್ತಾರಾ?”

ಮಾರುವವರ ವಾದಕ್ಕೆ ಎರಡು ತೊಡಕಿವೆ. ಮೊದಲನೆಯದು ‘ಈಗಿರುವ’ ಎಂಬ ಮಾತು. ಕರಾರಿನ ಈಗ ಅಂದರೆ ಕರಾರಿನ ತಾರೀಖು. ಜೂನಿನ ಸ್ಥಿತಿಗೆ ಕೊಟ್ಟ ಒಪ್ಪಿಗೆ ಸೆಪ್ಟೆಂಬರಿನ ಸ್ಥಿತಿಗೂ ಅನ್ವಯಿಸುತ್ತದೆ ಎನ್ನಬೇಕಾದರೆ ಹಾಗೆ ಬರೆದಿರಬೇಕು. ಎರಡನೆಯದು 55ನೇ ಕಲಮಿನ ಮೊಟ್ಟಮೊದಲ ಕರ್ತವ್ಯ. ಸ್ವತ್ತಿನಲ್ಲಿ ಅಥವಾ ಹಕ್ಕಿನಲ್ಲಿ ಇರುವ ಗಣನೀಯ ದೋಷ ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂತಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅದು ವಂಚನೆ ಎಂದು ಅದೇ ಕಲಮಿನ ಕೊನೆಯ ಮಾತು. ಗೊತ್ತಿದ್ದೂ ಮುಚ್ಚಿಟ್ಟದ್ದನ್ನು ‘ಇದ್ದ ಸ್ಥಿತಿಯಲ್ಲಿ’ ಎಂಬ ಪದ ತೊಳೆಯಲಾರದು.

ಆದರೆ ಕೊಳ್ಳುವವರಿಗೂ ಇದರಲ್ಲಿ ಒಂದು ಮುಳ್ಳಿದೆ. ‘ಸಾಮಾನ್ಯ ಎಚ್ಚರ’ ಎಂದರೆ ಕಣ್ಣಿಗೆ ಹೊಡೆಯುವಂತಿದ್ದದ್ದಕ್ಕೆ ಕಾನೂನು ಮರುಗುವುದಿಲ್ಲ. 1872ರ ಕರಾರು ಕಾಯ್ದೆಯ 19ನೇ ಕಲಮಿನ ವಿನಾಯಿತಿಯೂ ಅದೇ ಧಾಟಿಯದು: ಎದುರಿನವರು ಸುಮ್ಮನಿದ್ದು ಮೋಸ ಮಾಡಿದರೂ, ಸಾಮಾನ್ಯ ಶ್ರಮದಿಂದ ನಿಜ ತಿಳಿಯಬಹುದಾಗಿತ್ತು ಎಂದಾದರೆ ಕರಾರು ರದ್ದಾಗುವುದಿಲ್ಲ. ಆದ್ದರಿಂದ ಗೋಡೆ ಓದುವುದನ್ನು ಸ್ವಲ್ಪ ಕಲಿಯಬೇಕು.

ಜೇಡರ ಬಲೆಯಂತೆ ಎಲ್ಲ ದಿಕ್ಕಿಗೂ ಹರಡಿದ ಕೂದಲೆಳೆಯ ಬಿರುಕುಗಳು ಸಾಮಾನ್ಯವಾಗಿ ಪ್ಲಾಸ್ಟರಿನವು. ಗಾರೆ ಒಣಗುವಾಗ ಆದವು, ಭಯವಿಲ್ಲ. ಹಳೆಯ ಕಟ್ಟಡಕ್ಕೆ ಹೊಸ ಕೋಣೆ ಸೇರಿಸಿದ ಕಡೆ ನೆಟ್ಟಗೆ ಇಳಿಯುವ ಗೆರೆ ಎರಡು ಗೋಡೆ ಬೆಸೆದುಕೊಳ್ಳದ್ದರ ಗುರುತು. ಕುರೂಪಿ, ಆದರೆ ಹೆಚ್ಚಿನ ಸಲ ಅಪಾಯಕಾರಿಯಲ್ಲ. ಇಟ್ಟಿಗೆಯ ಸಂದು ಹಿಡಿದು ಓರೆಯಾಗಿ, ಮೆಟ್ಟಿಲಿನಂತೆ ಇಳಿಯುವುದು ಮಾತ್ರ ಬೇರೆ ಜಾತಿ. ಕೆಳಗೆ ತಳಪಾಯ ಒಂದು ಕಡೆ ಕೂತಿದೆ ಎಂದು ಅದು ಹೇಳುತ್ತಿರಬಹುದು. ಅದು ಹಳೆಯದೋ ಈಗಲೂ ನಡೆಯುತ್ತಿದೆಯೋ ತಿಳಿಯಲು ಮೇಸ್ತ್ರಿಗಳಿಗೆ ಗೊತ್ತಿರುವ ಒಂದು ಉಪಾಯವಿದೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಸಿಮೆಂಟಿಟ್ಟು ಕೂರಿಸುವುದು, ಬಿರುಕಿನ ಎರಡು ಕೊನೆಗೂ ಪೆನ್ಸಿಲ್ ಗೀಟು ಹಾಕಿ ತಾರೀಖು ಬರೆಯುವುದು. ಗೋಡೆ ಅಲುಗಾಡಿದರೆ ಬಗ್ಗಲಾರದ ಗಾಜು ಪಟ್ಟೆಂದು ಒಡೆಯುತ್ತದೆ. ಬಿರುಕು ಬೆಳೆದರೆ ಗೀಟು ದಾಟುತ್ತದೆ. ನಾಲ್ಕು ದಿನ ಇದಕ್ಕೆ ಸಾಲದು. ಹಾಗಾಗಿ ಇಂಥ ಬಿರುಕು ಕಂಡರೆ ರಿಜಿಸ್ಟ್ರೇಷನ್ ಮುಂದೂಡುವುದೇ ಸರಿ, ಪಂಚಾಂಗ ಏನೇ ಹೇಳಲಿ.

ಒದ್ದೆಗೆ ಬೇರೆ ಪರೀಕ್ಷೆ. ಸೀಲಿಂಗಿನ ಮೇಲೆ ಕೋಲಿನ ತುದಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಒಂದೆಡೆ ಟೊಳ್ಳಾದರೆ ಅಲ್ಲಿ ಪ್ಲಾಸ್ಟರು ಕಾಂಕ್ರೀಟನ್ನು ಬಿಟ್ಟಿದೆ. ಕಂದು ಬಣ್ಣದ ಗೆರೆ ನೇರವಾಗಿ ಓಡಿದ್ದರೆ ಒಳಗಿನ ಕಂಬಿ ತುಕ್ಕು ಹಿಡಿಯುತ್ತಿದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ತಳ್ಳುತ್ತದೆ, ಮುಂದೊಂದು ದಿನ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ತಾರಸಿಗೆ ವಾಟರ್‌ಪ್ರೂಫಿಂಗ್ ಬಳಿದರೆ ನೀರು ನಿಲ್ಲಬಹುದು, ಕಂಬಿ ವಾಸಿಯಾಗುವುದಿಲ್ಲ. ಮನೆಯಲ್ಲಿ ಒಂದೇ ಒಂದು ಗೋಡೆಗೆ ಮಾತ್ರ ಹೊಸ ಪುಟ್ಟಿ, ಹೊಸ ಬಣ್ಣ ಇದ್ದರೆ ಮೊದಲು ಅಲ್ಲಿಗೇ ಹೋಗಿ.

ನೆರೆ ನುಗ್ಗಿದ ಚರಿತ್ರೆ ಇನ್ನೂ ಸೂಕ್ಷ್ಮ. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ಬನ್ನೇರುಘಟ್ಟ ರಸ್ತೆಯ ಬದಿಯ ಬಡಾವಣೆಗಳಿಗೆ ನೀರು ನುಗ್ಗಿತು. 2020ರ ಅಕ್ಟೋಬರ್ 23ರ ಸಂಜೆಯ ಮಳೆಗೆ ಹೊಸಕೆರೆಹಳ್ಳಿಯ ದತ್ತಾತ್ರೇಯನಗರದಲ್ಲಿ ರಾಜಕಾಲುವೆ ಉಕ್ಕಿ ಮನೆಗಳ ಒಳಗೆ ಹರಿಯಿತು. 2025ರ ಮೇ ತಿಂಗಳಲ್ಲಿ ಬಿ.ಟಿ.ಎಂ. ಲೇಔಟಿನಲ್ಲಿ ಬೇಸ್‌ಮೆಂಟಿನ ನೀರು ಪಂಪ್ ಮಾಡುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು. ಅಂಥ ಬೀದಿಯ ಮನೆ ಮಾರುವವರು ‘ನಮ್ಮನೆಗೂ ನೀರು ಬಂದಿತ್ತು’ ಎಂದು ಹೇಳಲೇಬೇಕೆ? ಒಮ್ಮೆ ನೀರು ಬಂದದ್ದು ಸ್ವತ್ತಿನ ದೋಷವೋ ಬೀದಿಯ ದೋಷವೋ ಎಂದು ವಾದಿಸಬಹುದು. ನನ್ನ ಕೇಳಿದರೆ, ಪ್ರತಿ ದೊಡ್ಡ ಮಳೆಗೂ ಸಂಪಿಗೆ ಚರಂಡಿ ನೀರು ಸೇರುವ ಮನೆಯಲ್ಲಿ ಅದು ಮನೆಯದೇ ದೋಷ. ಕೊಳ್ಳುವವರು ಇದನ್ನು ಮಾರುವವರಿಗಿಂತ ಎದುರುಮನೆಯ ಅಜ್ಜಿಯನ್ನು ಕೇಳುವುದು ಒಳ್ಳೆಯದು. ಅವರಿಗೆ ಕಮಿಷನ್ ಇಲ್ಲ.

“ಕ್ರಯಪತ್ರವಾಗುವವರೆಗೆ ಸ್ವತ್ತು ನಮ್ಮ ಸ್ವಾಧೀನದಲ್ಲಿಯೇ ಇದ್ದು, ಕ್ರಯದ ದಿನ ಖಾಲಿ ಸ್ವಾಧೀನ ವಹಿಸಿಕೊಡುತ್ತೇವೆ.”

ಮೊದಲೇ ಬೀಗದಕೈ ಏಕೆ ಕೊಡುವುದಿಲ್ಲ? ಅಪನಂಬಿಕೆ ಒಂದೇ ಕಾರಣವಲ್ಲ. ಸ್ವಾಧೀನ ಸಮೇತ ಕರಾರು ಮಾಡಿದರೆ ಕರ್ನಾಟಕ ಮುದ್ರಾಂಕ ಕಾಯ್ದೆಯಲ್ಲಿ ಅದಕ್ಕೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. ಅದಕ್ಕೇ ಎಲ್ಲರ ಕರಾರಿನಲ್ಲೂ ಈ ಸಾಲು.

ಸ್ವಾಧೀನ ಇಟ್ಟುಕೊಂಡವರಿಗೆ ಕರ್ತವ್ಯವೂ ಉಂಟು. ಕರಾರಿನಿಂದ ಸ್ವಾಧೀನ ಕೊಡುವವರೆಗೆ, ತನ್ನ ಮನೆಯನ್ನು ಒಬ್ಬ ವಿವೇಕಿ ಯಜಮಾನ ನೋಡಿಕೊಳ್ಳುವಷ್ಟು ಜೋಪಾನವಾಗಿ ಸ್ವತ್ತನ್ನೂ ಅದರ ಕಾಗದಪತ್ರಗಳನ್ನೂ ನೋಡಿಕೊಳ್ಳಬೇಕು ಎಂದು 55ನೇ ಕಲಮು ಹೇಳುತ್ತದೆ. ‘ಹೇಗೂ ಮಾರ್ತಿದೀವಲ್ಲ’ ಎಂದು ತಾರಸಿಯ ಎಲೆ ಕಸ ಗುಡಿಸದೆ, ನೀರು ಹೋಗುವ ಪೈಪು ಕಟ್ಟಿಕೊಂಡು, ತಾರಸಿಯೇ ಕೆರೆಯಾಗಿ ಒಳಗೆ ಇಳಿದಿದ್ದರೆ ಆ ಒದ್ದೆಗೆ ಹೊಣೆ ಮಾರುವವರದೇ. ಭೋಗ್ಯಕ್ಕಿದ್ದವರು ಖಾಲಿ ಮಾಡುವಾಗ ಗೀಸರ್ ಕಿತ್ತು, ಅದರ ಜೊತೆ ಗೋಡೆಯ ಟೈಲನ್ನೂ ಪೈಪನ್ನೂ ಒಡೆದು ಹೋದರೂ ಅಷ್ಟೆ. ಬಾಡಿಗೆದಾರರ ಜಗಳ ಕೊಳ್ಳುವವರ ತಲೆಗೆ ಬರುವುದಿಲ್ಲ. ಬೆಸ್ಕಾಂ, ಜಲಮಂಡಳಿ, ಆಸ್ತಿ ತೆರಿಗೆಯ ಬಾಕಿಗಳೂ ಕ್ರಯದ ದಿನದವರೆಗೆ ಮಾರುವವರವು.

ಪಕ್ಕದ ಸೈಟಿನ ಅಗೆತ ಮಾತ್ರ ಗೋಜಲು. ಹಳೆಯ ಒಂಟಿಮನೆ ಕೆಡವಿ ಸ್ಟಿಲ್ಟ್ ಮೇಲೆ ನಾಲ್ಕು ಮಹಡಿ ಏರಿಸುವುದು ಜಯನಗರ, ಬನಶಂಕರಿಯಲ್ಲಿ ಈಗ ದಿನನಿತ್ಯದ ದೃಶ್ಯ. ಕಾಂಪೌಂಡಿಗೆ ಅಂಟಿಕೊಂಡೇ ಬೇಸ್‌ಮೆಂಟ್ ಅಗೆದು, ಮಣ್ಣಿಗೆ ಆಸರೆ ಕೊಡದೆ ಮಳೆಗೆ ಬಿಟ್ಟರೆ ಪಕ್ಕದ ಸೈಜುಗಲ್ಲಿನ ತಳಪಾಯದ ಕೆಳಗಿನಿಂದ ಮಣ್ಣು ಜಾರುತ್ತದೆ. ಇದರಲ್ಲಿ ಮಾರುವವರ ಅಲಕ್ಷ್ಯವೇನೂ ಇಲ್ಲ. ಆದರೂ ಒಡೆತನ ಅವರಲ್ಲೇ ಇರುವುದರಿಂದ ನಷ್ಟ ಅವರದು, ಪಕ್ಕದವರ ಮೇಲೆ ದಾವೆ ಹೂಡುವ ಹಕ್ಕೂ ಅವರದೇ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ನಿಂತ ಕಟ್ಟಡಕ್ಕೆ ಪಕ್ಕದ ನೆಲದ ಆಸರೆಯ ಹಕ್ಕು ಬರುತ್ತದೆ ಎಂದು 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಮಿನಲ್ಲಿದೆ. ಐವತ್ತು ವರ್ಷದ ಮನೆಗೆ ಇದು ದೊಡ್ಡ ಆಯುಧ.

ಇಲ್ಲಿ ಬ್ರೋಕರುಗಳು ಹೇಳುವ ಒಂದು ಪರಿಹಾರವಿದೆ: “ರಿಜಿಸ್ಟರ್ ಮಾಡಿಸ್ಕೊಳ್ಳಿ ಸಾರ್, ಆಮೇಲೆ ನೀವೇ ಪಕ್ಕದವ್ರ ಹತ್ರ ವಸೂಲ್ ಮಾಡ್ಕೊಳ್ಳಿ.” ಕೇಳಲು ಸರಳ, ಕಾನೂನಿನಲ್ಲಿ ಕುಂಟು. ಬರೀ ದಾವೆ ಹೂಡುವ ಹಕ್ಕನ್ನು ಒಬ್ಬರು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 6ನೇ ಕಲಮು ತಡೆಯುತ್ತದೆ. ನಿಮ್ಮ ಒಡೆತನಕ್ಕೆ ಮುಂಚೆ ಆದ ಹಾನಿಗೆ ಪಕ್ಕದವರು ‘ನೀವ್ಯಾರು ಕೇಳೋಕೆ’ ಎಂದರೆ ಉತ್ತರ ಕಷ್ಟ. ಪಕ್ಕದವರೊಂದಿಗೆ ಲಿಖಿತ ಒಪ್ಪಂದವೋ ರಿಪೇರಿಯೋ ಪರಿಹಾರವೋ, ಏನಾದರೂ ಕ್ರಯಕ್ಕೆ ಮೊದಲು ಮಾರುವವರ ಹೆಸರಿನಲ್ಲೇ ಆಗಬೇಕು. ವಿಮೆ ಇದೆಯಲ್ಲ ಎಂದು ನೆಚ್ಚಿಕೊಳ್ಳುವಂತೆಯೂ ಇಲ್ಲ. 2021ರ ಏಪ್ರಿಲಿನಿಂದ ಎಲ್ಲ ಕಂಪನಿಗಳೂ ಮಾರುವ ಭಾರತ್ ಗೃಹ ರಕ್ಷಾ ಪಾಲಿಸಿ ನೆರೆಗೂ ನೆಲ ಕುಸಿತಕ್ಕೂ ರಕ್ಷಣೆ ಕೊಡುತ್ತದೆ, ಆದರೆ ಅಗೆತ, ಕೆಡವುವ ಮತ್ತು ಕಟ್ಟುವ ಕೆಲಸದಿಂದಾದ ಕುಸಿತವನ್ನು ಹೊರಗಿಡುತ್ತದೆ. ಬೆಂಕಿ ವಿಮೆ ಇರುವ ಮನೆ ಮಾರಾಟವಾದರೆ ಆ ಹಣವನ್ನು ಕಟ್ಟಡ ಸರಿಪಡಿಸಲು ಬಳಸಿ ಎಂದು ಕೊಂಡವರು ಕೇಳಬಹುದೆಂಬ 49ನೇ ಕಲಮೂ ಬೆಂಕಿಗಷ್ಟೇ.

ಫ್ಲ್ಯಾಟಾದರೆ ಲೆಕ್ಕ ಬೇರೆ. ಮೇಲ್ಮಹಡಿಯ ಸೋರಿಕೆಗೆ ಕಾರಣ ತಾರಸಿ, ತಾರಸಿ ಎಲ್ಲರ ಸಾಮಾನ್ಯ ಸ್ವತ್ತು. ರಿಪೇರಿಗೆ ಅಸೋಸಿಯೇಷನ್ ಒಪ್ಪಬೇಕು. ಅಸೋಸಿಯೇಷನ್ ಕಾರ್ಯದರ್ಶಿಯ ಪತ್ರವಿಲ್ಲದೆ ಮಾರುವವರು ಕೊಡುವ ಭರವಸೆಗೆ ಬೆಲೆಯಿಲ್ಲ. ಹೊಸ ಫ್ಲ್ಯಾಟಿನ ಮರುಮಾರಾಟವಾದರೆ ರೇರಾ ಕಾಯ್ದೆಯ 14ನೇ ಕಲಮು ನೆನಪಿರಲಿ: ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು. ಮೊದಲು ಕೊಂಡವರಿಂದ ಕೊಂಡವರಿಗೂ ಆ ಹಕ್ಕು ದಾಟುತ್ತದೆ. ಒಂಟಿಮನೆ ಮಾರುವ ಮನೆಯವರ ಮೇಲೆ ರೇರಾಗೆ ಹೋಗಲು ಬರುವುದಿಲ್ಲ.

“ಈ ದಿನದಿಂದ ಮೂರು ತಿಂಗಳೊಳಗೆ ಕ್ರಯಪತ್ರ ಮಾಡಿಸಿಕೊಳ್ಳತಕ್ಕದ್ದು.”

ವಾಯಿದೆಯ ಹತ್ತಿರ ಹಾನಿ ಕಂಡವರು ಮಾಡುವ ತಪ್ಪು ಮುನಿಸಿಕೊಂಡು ಸುಮ್ಮನಾಗುವುದು. ವಾಯಿದೆ ಮೀರಿದರೆ ‘ನೀವೇ ಬರಲಿಲ್ಲ’ ಎಂಬ ಮಾತಿಗೆ ದಾರಿ. ನಿರ್ದಿಷ್ಟ ಪರಿಹಾರ ಕಾಯ್ದೆಯ 16ನೇ ಕಲಮಿನ ಪ್ರಕಾರ ಕರಾರು ಜಾರಿ ಕೇಳುವವರು ತಾವು ಸದಾ ಸಿದ್ಧರಿದ್ದೆವು ಎಂದು ತೋರಿಸಬೇಕು. ಫೋಟೋ, ಎಂಜಿನಿಯರ್ ಅಭಿಪ್ರಾಯ, ‘ಹಣ ತಯಾರಿದೆ, ಈ ಹಾನಿಯ ವಿಚಾರ ತೀರ್ಮಾನವಾಗಲಿ, ವಾಯಿದೆಯನ್ನು ಇಷ್ಟು ದಿನ ಮುಂದೂಡೋಣ’ ಎಂಬ ಒಕ್ಕಣೆಯ ಪತ್ರ ವಾಯಿದೆಗೆ ಮುಂಚೆ ತಲುಪಬೇಕು. ಬ್ಯಾಂಕಿನ ಮಂಜೂರಾತಿ ಪತ್ರ ಸಿದ್ಧತೆಗೆ ಒಳ್ಳೆಯ ಪುರಾವೆ.

“ನೀವು ತಪ್ಪಿದಲ್ಲಿ ಮುಂಗಡ ಮುಟ್ಟುಗೋಲು; ನಾವು ತಪ್ಪಿದಲ್ಲಿ ಮುಂಗಡದ ಎರಡರಷ್ಟು ವಾಪಸು.”

ಹೆದರಿಸಲು ಬರೆಯುವ ಸಾಲು. ಸುಪ್ರೀಂ ಕೋರ್ಟು 2012ರ ಸತೀಶ್ ಬಾತ್ರಾ ಪ್ರಕರಣದಲ್ಲಿ, ಕರಾರಿಗೆ ಖಾತರಿಯಾಗಿ ಕೊಟ್ಟ ಹಣವನ್ನಷ್ಟೇ ಮುಟ್ಟುಗೋಲು ಹಾಕಬಹುದು, ಬೆಲೆಯ ಭಾಗವಾಗಿ ಮುಂಚೆ ಕೊಟ್ಟದ್ದನ್ನಲ್ಲ ಎಂದಿದೆ. ‘ಎರಡರಷ್ಟು’ ಎಂದು ಬರೆದರೂ ಕೋರ್ಟು ಕರಾರು ಕಾಯ್ದೆಯ 74ನೇ ಕಲಮಿನಡಿ ನ್ಯಾಯವಾದ ಪರಿಹಾರವನ್ನಷ್ಟೇ ಕೊಡುತ್ತದೆ. ಕೆಲಸಕ್ಕೆ ಬರುವುದು ನಿರ್ದಿಷ್ಟ ಪರಿಹಾರ ಕಾಯ್ದೆಯ 12ನೇ ಕಲಮು. ಕೊರತೆ ಸಣ್ಣದಾದರೆ ಮನೆಯನ್ನೂ ಕೊರತೆಗೆ ಹಣವನ್ನೂ ಕೋರ್ಟು ಕೊಡಿಸಬಹುದು. ಕೊರತೆ ದೊಡ್ಡದಾದರೆ ಅದರ ಬೆಲೆ ಕಳೆದು, ಉಳಿದದ್ದಕ್ಕೆ ಹಣ ಕೊಟ್ಟು, ಮಿಕ್ಕ ತಕರಾರು ಬಿಟ್ಟು, ಮನೆ ತೆಗೆದುಕೊಳ್ಳುವ ಆಯ್ಕೆ ಕೊಳ್ಳುವವರಿಗಿದೆ. ಆದರೆ ಸಿವಿಲ್ ದಾವೆಯ ವೇಗ ಎಲ್ಲರಿಗೂ ಗೊತ್ತು. ಇದನ್ನು ಕೋರ್ಟಿನಲ್ಲಿ ಗೆಲ್ಲುವುದಕ್ಕಿಂತ ಮಾತುಕತೆಯ ಅಳತೆಗೋಲಾಗಿ ಬಳಸುವುದು ಜಾಣತನ.

“ಈ ಕರಾರಿನ ದಿನಕ್ಕೂ ಕ್ರಯದ ದಿನಕ್ಕೂ ನಡುವೆ ಕಟ್ಟಡಕ್ಕೆ ಹಾನಿಯಾದಲ್ಲಿ, ಇಬ್ಬರೂ ಒಪ್ಪಿದ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಿದ ರಿಪೇರಿ ವೆಚ್ಚವನ್ನು ಕ್ರಯದ ಮೊಬಲಗಿನಲ್ಲಿ ಕಳೆಯತಕ್ಕದ್ದು, ವೆಚ್ಚ ಹತ್ತನೇ ಒಂದು ಪಾಲು ಮೀರಿದಲ್ಲಿ ಕರಾರು ಬಿಡುವ ಹಕ್ಕು ಕೊಳ್ಳುವವರಿಗೆ ಇರತಕ್ಕದ್ದು.”

ಈ ಸಾಲು ಮಾಮೂಲಿ ಕರಾರುಗಳಲ್ಲಿ ಇರುವುದಿಲ್ಲ, ನಾನು ಸೇರಿಸಿದ್ದು. 55ನೇ ಕಲಮಿನ ನಿಯಮಗಳೆಲ್ಲ ಬೇರೆ ಕರಾರು ಇಲ್ಲದಿದ್ದಾಗ ಅನ್ವಯಿಸುವಂಥವು. ಇಬ್ಬರೂ ಕೂತು ಬರೆದುಕೊಂಡರೆ ಬರೆದದ್ದೇ ಕಾನೂನು. ಹತ್ತನೇ ಒಂದು ಪಾಲು ಎಂಬುದು ನನ್ನ ಅಂದಾಜು, ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಇದಿಲ್ಲದೆ ಕರಾರಾಗಿಹೋಗಿದ್ದರೂ ಹಾನಿ ಕಂಡ ಮೇಲೆ ಪೂರಕ ಕರಾರು ಬರೆದುಕೊಳ್ಳಲು ಅಡ್ಡಿಯಿಲ್ಲ.

ಮೂರು ದಾರಿ ಎದುರಾಗುತ್ತವೆ. ‘ನಾವೇ ರಿಪೇರಿ ಮಾಡಿಸಿಕೊಡ್ತೀವಿ’ ಎಂಬುದು ಕೇಳಲು ಚೆನ್ನ. ಆದರೆ ಬಿಟ್ಟುಹೋಗುವ ಮನೆಗೆ ಮಾಡಿಸುವ ರಿಪೇರಿ ಬಣ್ಣದಲ್ಲಿ ಮುಗಿಯುತ್ತದೆ. ಮುರಿದ ಟೈಲು, ಕಿತ್ತ ಪೈಪಿಗೆ ಸರಿ, ತಳಪಾಯಕ್ಕಲ್ಲ. ‘ಸ್ವಲ್ಪ ಹಣ ಆಮೇಲೆ ಕೊಡ್ತೀವಿ’ ಎಂದು ತಡೆಹಿಡಿಯುವುದು ಮಾರುವವರಿಗೆ ಹಿಡಿಸುವುದಿಲ್ಲ. ಪೂರ್ತಿ ಹಣ ಬಂತೆಂದು ಕ್ರಯಪತ್ರದಲ್ಲಿ ಬರೆಯಬೇಕು, ಬಾಕಿ ಇದೆ ಎಂದು ಬರೆದರೆ ಆ ಬಾಕಿಗೆ ಮನೆಯ ಮೇಲೆ ಅವರಿಗೆ ಋಣಭಾರ ಹುಟ್ಟುತ್ತದೆ, ಸಾಲ ಕೊಟ್ಟ ಬ್ಯಾಂಕು ಅದನ್ನು ಒಪ್ಪಲಾರದು. ಉಳಿದದ್ದು ಬೆಲೆ ಇಳಿಸುವುದು. ನನ್ನ ಮತ ಇದಕ್ಕೇ. ಮಾತು ಅಂದೇ ಮುಗಿಯುತ್ತದೆ, ರಿಪೇರಿ ಕೊಂಡವರ ಕೈಯಲ್ಲಿರುತ್ತದೆ. ಇಳಿಸಿದ ಬೆಲೆ ಸರ್ಕಾರದ ಮಾರ್ಗಸೂಚಿ ದರಕ್ಕಿಂತ ಕೆಳಗೆ ಹೋದರೂ ಮುದ್ರಾಂಕ ಶುಲ್ಕ ಮಾರ್ಗಸೂಚಿ ದರಕ್ಕೇ. ಶೇ. 10ಕ್ಕೂ ಹೆಚ್ಚು ಅಂತರವಾದರೆ ಆದಾಯ ತೆರಿಗೆಯವರು ಇಬ್ಬರನ್ನೂ ಕೇಳಬಹುದು. ಅದಕ್ಕೆ ಎಂಜಿನಿಯರ್ ವರದಿಯೂ ಪೂರಕ ಕರಾರೂ ಕಡತದಲ್ಲಿರಲಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ. 1ರಿಂದ 2ಕ್ಕೆ ಏರಿದೆ, ಇಳಿದ ಬೆಲೆಯ ಲಾಭ ಅಲ್ಲೂ ಸ್ವಲ್ಪ ಸೋರುತ್ತದೆ.

“ಇದಕ್ಕೆ ಸಾಕ್ಷಿಗಳು.”

ಇಬ್ಬರು ಸಹಿ ಹಾಕುತ್ತಾರೆ, ಸಾಮಾನ್ಯವಾಗಿ ಮಾರುವವರ ಕಡೆಯಿಂದ ಒಬ್ಬರು, ಕೊಳ್ಳುವವರ ಕಡೆಯಿಂದ ಒಬ್ಬರು. ಅವರು ಸಾಕ್ಷಿಯಾಗಿರುವುದು ಸಹಿಗೆ, ಗೋಡೆಗಲ್ಲ. ಮನೆಯ ಸ್ಥಿತಿಗೆ ಸಾಕ್ಷಿ ಬೇಕಿದ್ದರೆ ಕರಾರಿನ ದಿನವೇ ಒಂದು ಪ್ರತ್ಯೇಕ ಹಾಳೆ ಮಾಡಿಸಿ: ಪ್ರತಿ ಕೋಣೆಯ ನಾಲ್ಕು ಗೋಡೆ, ಸೀಲಿಂಗು, ಸಜ್ಜ, ತಾರಸಿಯ ಇಳಿಜಾರು, ಸಂಪಿನ ಒಳಭಾಗ, ಪಕ್ಕದ ಕಾಂಪೌಂಡು, ಎಲ್ಲದರ ತಾರೀಖು ಸಮೇತ ಫೋಟೋ, ಪ್ರತಿ ಪುಟಕ್ಕೂ ಇಬ್ಬರ ಸಹಿ. ಎರಡನೇ ಪ್ರತಿ ಮಾರುವವರ ಬಳಿ ಇರಲಿ. ಹಳೆಯ ಬಿರುಕನ್ನು ಹೊಸದೆಂದು ಹೇಳಿ ಬೆಲೆ ಇಳಿಸಲು ನೋಡುವ ಕೊಳ್ಳುವವರೂ ಇದ್ದಾರೆ. ರಿಜಿಸ್ಟ್ರೇಷನ್ ದಿನ ಬೆಳಿಗ್ಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುನ್ನ ಆ ಹಾಳೆ ಹಿಡಿದು ಮನೆಯೊಳಗೆ ಒಂದು ಸುತ್ತು, ಹಿಂದಿನ ರಾತ್ರಿ ಮಳೆ ಬಂದಿದ್ದರೆ ತಾರಸಿಗೆ ಇನ್ನೊಂದು ಸುತ್ತು. ಡಿ.ಡಿ. ಕೈಬದಲಾಯಿಸುವುದು ಅದಾದ ಮೇಲೆ.